ಎಮ್ಮೆಯ ಹೆಸರು ಎಲ್ಲರಿಗೂ ಗೊತ್ತಿತ್ತು

ನಮ್ಮ ಕಡೆ ಮನೆಗೆ ಕೀಲಿ ಹಾಕುತ್ತಿದ್ದದ್ದು ಕಳ್ಳರ ಸಲುವಾಗಿ ಅಲ್ಲ, ನಾಯಿ ಒಳಗೆ ಹೊಕ್ಕು ರೊಟ್ಟಿ ತಿನ್ನಬಾರದು ಅಂತ. ಕೀಲಿ ಹಾಕಿ, ಕೀಲಿಕೈಯನ್ನು ಬಾಗಿಲ ಪಕ್ಕದ ಗೋಡೆಯ ಗೂಡಿನಲ್ಲಿ, ನಮ್ಮ ಮಾತಿನಲ್ಲಿ ಮಾಡದಲ್ಲಿ, ಇಟ್ಟು, ಅದರ ಮೇಲೊಂದು ಹಳೇ ಅರಿವೆ ಮುಚ್ಚುತ್ತಿದ್ದೆವು. ಇಷ್ಟು ಜೋಪಾನ ಮಾಡಿದ ಮೇಲೆ ಎದುರು ಮನೆಯವರ ಕಡೆ ತಿರುಗಿ, ಓಣಿಗೆಲ್ಲ ಕೇಳುವ ಹಾಗೆ "ಕೀಲಿಕೈ ಮಾಡದಾಗ ಐತ್ರೀ!" ಅಂತ ಕೂಗಿ ಹೊಲಕ್ಕೆ ಹೋಗುತ್ತಿದ್ದೆವು. ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದವಳ ಬಗ್ಗೆ ಸಂಜೆಯೊಳಗೆ ಮಾತು ಹುಟ್ಟುತ್ತಿತ್ತು: "ಅಂಥಾದ್ದೇನ ಇಟ್ಟಾಳವಾ ಒಳಗ? ನಾವೇನ್ ಕಳ್ಳರೇನ?" ಇಂಥ ಓಣಿಯಲ್ಲಿ ಬೆಳೆದವಳ ಕೈಗೆ ಕಂಪ್ಯೂಟರಿನ ಪಾಸ್‌ವರ್ಡ್ ಕೊಟ್ಟರು. ಕೊಟ್ಟವರದೇ ತಪ್ಪು ಅಂತ ನಾನು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ಸಣ್ಣ ವಯಸ್ಸಿನಲ್ಲೇ ಹೋಗಿದ್ದರಿಂದ ನಾನೂ ಅವ್ವನೂ ಪಾಲಬಾವಿಯಲ್ಲಿ ಅವ್ವನ ತಮ್ಮನ ಮನೆಯಲ್ಲಿದ್ದೆವು. ಈ ಮಾಮಾನೇ ನನ್ನನ್ನು ನಿಪ್ಪಾಣಿಗೆ ಕಳಿಸಿ ಟೈಪಿಂಗ್, ಕಂಪ್ಯೂಟರ್ ಎರಡನ್ನೂ ಕಲಿಸಿದವನು. ಕ್ಲಾಸು ತಂಬಾಕಿನ ಗೋದಾಮಿನ ಮೇಲಿನ ಅಟ್ಟದಲ್ಲಿತ್ತು. ಕೆಳಗೆ ತಂಬಾಕು ಜಾಡಿಸಿದರೆ ಮೇಲೆ ನಾವು ಹನ್ನೆರಡು ಮಂದಿಯೂ ಸೀನುತ್ತಿದ್ದೆವು. ಕಲಿಸುವ ಮೇಷ್ಟ್ರು ಮರಾಠಿಯಲ್ಲಿ ಪಾಠ ಹೇಳುತ್ತ, ಸೀನು ಬಂದಾಗ ಮಾತ್ರ ಕನ್ನಡದಲ್ಲಿ ಬೈಯುತ್ತಿದ್ದರು. ಹೀಗೆ ಆರು ತಿಂಗಳು ಸೀನಿ ಸಂಪಾದಿಸಿದ ಸರ್ಟಿಫಿಕೇಟನ್ನು ತೋರಿಸಿ ನಾನು ಒಂದು ಸಕ್ಕರೆ ಕಾರ್ಖಾನೆಯ ಶೇತಕಿ ಆಫೀಸಿಗೆ ಸೇರಿಕೊಂಡೆ. ಶೇತಕಿ ಆಫೀಸೆಂದರೆ ಕಾರ್ಖಾನೆಯಲ್ಲಿ ರೈತರ ಕಬ್ಬಿನ ಲೆಕ್ಕ ನೋಡುವ ವಿಭಾಗ. ಯಾವ ರೈತ ಯಾವ ತಾರೀಖಿಗೆ ಕಬ್ಬು ಹಚ್ಚಿದ, ಅಂದರೆ ನೆಟ್ಟ, ಅಂತ ಬರೆದಿಡುವುದು ಅಲ್ಲಿಯ ಮುಖ್ಯ ಕೆಲಸ. ಮೊದಲು ಹಚ್ಚಿದವನ ಕಬ್ಬು ಮೊದಲು ಕಡಿಯಬೇಕು. ಅದಕ್ಕೆ ಪಾಳಿ ಅನ್ನುತ್ತಾರೆ. ಪಾಳಿ ತಪ್ಪಿದರೆ ಕಬ್ಬು ಹೊಲದಲ್ಲೇ ನಿಂತು ಹೂ ಬಿಟ್ಟು ಒಣಗುತ್ತದೆ. ಅದಕ್ಕೇ ನಮ್ಮ ಕಡೆ ಹೆಂಡತಿಯ ಹುಟ್ಟಿದ ದಿನ ಗೊತ್ತಿಲ್ಲದ ಗಂಡಸು ಕೂಡ ಕಬ್ಬು ಹಚ್ಚಿದ ತಾರೀಖನ್ನು ನಿದ್ದೆಯಲ್ಲೂ ಹೇಳುತ್ತಾನೆ.

ಆ ತಾರೀಖುಗಳನ್ನು ಮೂವತ್ತು ವರ್ಷ ರಜಿಸ್ಟರಿನಲ್ಲಿ ಬರೆದವರು ಐನಾಪುರದ ಕಡೆಯ ಒಬ್ಬ ಹಿರಿಯ ಕ್ಲಾರ್ಕು. ಆಫೀಸಿನಲ್ಲಿ ಎಲ್ಲರಿಗೂ ಅವರು ಕಾಕಾ. ಬಿಳಿ ಟೊಪ್ಪಿಗೆ, ಕಿಸೆಯಲ್ಲಿ ಎರಡು ಪೆನ್ನು, ಒಂದು ನೀಲಿ ಒಂದು ಕೆಂಪು. ಅವರ ರಜಿಸ್ಟರಿನಲ್ಲಿ ಒಂದಕ್ಷರ ತಪ್ಪಾದರೂ ಅದನ್ನು ಅಳಿಸುತ್ತಿರಲಿಲ್ಲ. ಕೆಂಪು ಶಾಯಿಯಿಂದ ಒಂದೇ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ, ತಾರೀಖು ಹಾಕುತ್ತಿದ್ದರು. "ಅಳಿಸಿದ್ರ ಅದು ತಪ್ಪು ಮುಚ್ಚಿಟ್ಟಂಗ ಆಗತೈತಿ ಯವ್ವಾ. ಗೆರಿ ಎಳದ್ರ ತಪ್ಪು ಒಪ್ಪಿಕೊಂಡಂಗ," ಅನ್ನುತ್ತಿದ್ದರು. ನಾನು ಬಂದ ಮೊದಲ ದಿನವೇ ತಮ್ಮ ಡಬ್ಬಿಯೊಳಗಿನ ಅರ್ಧ ರೊಟ್ಟಿ, ಪುಂಡಿಪಲ್ಯ ನನ್ನ ಕೈಗಿಟ್ಟರು. ಆಮೇಲೆ ಮಧ್ಯಾಹ್ನದ ಊಟ ನಮ್ಮಿಬ್ಬರದೂ ಒಂದೇ ಮೇಜಿನ ಮೇಲೆ.

ಕಂಪ್ಯೂಟರು ಪುಣೆಯಿಂದ ಟೆಂಪೋದಲ್ಲಿ ಬಂತು. ಅದಕ್ಕಾಗಿ ಒಂದು ಕೋಣೆಗೆ ಬಣ್ಣ ಹಚ್ಚಿ, ಇಡೀ ಕಾರ್ಖಾನೆಯಲ್ಲಿ ಚೇರಮನ್‌ರ ಕೋಣೆಗೆ ಬಿಟ್ಟರೆ ಅದಕ್ಕೊಂದಕ್ಕೇ ತಣ್ಣನೆ ಗಾಳಿಯ ಮಶೀನು ಕೂರಿಸಿದರು. ಬೇಸಿಗೆಯಲ್ಲಿ ಆ ಕೋಣೆಯಲ್ಲಿ ಕೆಲಸವಿದ್ದವಳು ನಾನೊಬ್ಬಳು, ಬರುತ್ತಿದ್ದವರು ಹದಿನೈದು ಮಂದಿ. ಮಶೀನಿನ ಜೊತೆ ಪುಣೆಯ ಇಂಜಿನಿಯರನೂ ಬಂದಿದ್ದ. ಇಸ್ತ್ರಿ ಮುರಿಯದ ಅಂಗಿಯ, ಎಂದೂ ನಗದ ಹುಡುಗ. ಅವನು ನನಗೆ ಮೂರು ಮಾತು ಹೇಳಿ ಹೋದ. ಕರೆಂಟು ಹೋಗಿ ಬಂದಾಗಲೆಲ್ಲ ಈ ಮಶೀನಿಗೆ ಇವತ್ತಿನ ತಾರೀಖು ಮರೆತುಹೋಗುತ್ತದೆ, ಪ್ರತಿ ಸಲ ಅದು ಕೇಳುತ್ತದೆ, ತಪ್ಪದೆ ಬರೆಯಬೇಕು. ದಿನಾ ಸಂಜೆ ಎಲ್ಲವನ್ನೂ ಎರಡು ಫ್ಲಾಪಿಗೆ ಇಳಿಸಿ, ಒಂದನ್ನು ಆಫೀಸಿನಲ್ಲಿ, ಇನ್ನೊಂದನ್ನು ಬೇರೆ ಕಟ್ಟಡದಲ್ಲಿ ಇಡಬೇಕು. ಮೂರನೆಯದನ್ನು ಬೆರಳೆತ್ತಿ ಹೇಳಿದ: "ಪಾಸ್‌ವರ್ಡ್ ಕೋಣಾಲಾಚ್ ಸಾಂಗಾಯಚಾ ನಾಹೀ!" ಯಾರಿಗೂ ಹೇಳಬಾರದು, ಸಾಹೇಬರಿಗೂ. ಯಾಕೆಂದರೆ ಆ ಪಾಸ್‌ವರ್ಡ್ ಹಾಕಿ ಯಾರು ಏನು ಬದಲಿಸಿದರೂ ಮಶೀನು ನನ್ನ ಹೆಸರನ್ನೇ ಬರೆದಿಟ್ಟುಕೊಳ್ಳುತ್ತದೆ.

"ನಾ ಏನ್ ಸಣ್ಣ ಕೂಸೇನ್ರಿ?" ಅಂದೆ ನಾನು, ಕನ್ನಡದಲ್ಲೇ. ಅವನಿಗೆ ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು.

ಪಾಸ್‌ವರ್ಡ್ ಆಗಿ ನಾನು ನಮ್ಮ ಎಮ್ಮೆಯ ಹೆಸರಿಟ್ಟೆ. ಎಮ್ಮೆ ಪಾಲಬಾವಿಯಲ್ಲಿ ಮಾಮಾನ ಕೊಟ್ಟಿಗೆಯಲ್ಲಿತ್ತು, ನಾನೂ ಅವ್ವನೂ ಕಾರ್ಖಾನೆಯ ಕಾಲನಿಗೆ ಬಂದಿದ್ದೆವು, ನನಗೆ ಅದರ ನೆನಪು ಬಹಳ ಆಗುತ್ತಿತ್ತು. ಹೆಸರೇನು ಅಂತ ನೀವೂ ಕೇಳಬೇಡಿ. ಬುದ್ಧಿ ತಡವಾಗಿ ಬಂದರೂ ಬಂದಿದೆ.

ಇನ್ನು ಆ ಗುಟ್ಟು ಹೇಗೆ ಉಳಿಯಿತು ಅಂತ ಹೇಳುತ್ತೇನೆ. ಎರಡು ವಾರ ಉಳಿಯಿತು. ಒಂದು ದಿನ ನಮ್ಮ ವಿಭಾಗದ ಸಾಹೇಬರು, ಪಾಪದ ಮನುಷ್ಯ, ನನ್ನ ಮೇಜಿನ ಹತ್ತಿರ ಬಂದು ಕೈ ಹಿಂದೆ ಕಟ್ಟಿಕೊಂಡು ನಿಂತರು. "ಬಾಯಾರ, ನಾಳೆ ನಿಮಗ ಜ್ವರ ಬಂತಂದ್ರ ಮಶೀನ್ ಚಾಲೂ ಮಾಡೋರ್ ಯಾರು?" ಅಂದರು. ಇಂಜಿನಿಯರ ಬೇಡ ಅಂದಿದ್ದಾನೆ ಅಂದೆ. ಅವರ ಮುಖ ಸಣ್ಣದಾಯಿತು. "ಹಂಗಾರ ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?" ಮುಗಿಯಿತು. ನಮ್ಮ ಕಡೆ ಈ ಒಂದು ಮಾತಿನ ಮುಂದೆ ಯಾವ ಕೀಲಿಯೂ ನಿಲ್ಲುವುದಿಲ್ಲ. ನಂಬಿಕೆ ಇಲ್ಲ ಅಂದರೆ ನೀವು ಕಳ್ಳರು ಅಂದ ಹಾಗೆ. ಹೇಳಿದೆ. ಸಾಹೇಬರಿಗೆ ಹೇಳಿ ಕಾಕಾನಿಗೆ ಹೇಳದಿದ್ದರೆ ಹೇಗೆ, ರೊಟ್ಟಿ ಹಂಚಿಕೊಂಡು ತಿನ್ನುವವರು. ಅವರಿಗೂ ಹೇಳಿದೆ. ಸಾಹೇಬರು ಹೊಲ ತಿರುಗುವ ಫೀಲ್ಡ್‌ಮನ್‌ಗಳಿಗೆ ಹೇಳಿದರು, ಅವರ ಮೇಲೂ ನಂಬಿಕೆ ಇರಬೇಕಲ್ಲ. ತಿಂಗಳು ತುಂಬುವುದರೊಳಗೆ ಗೇಟಿನ ಹತ್ತಿರ ಚಹಾ ಮಾರುವವನು ನನ್ನನ್ನು ತಡೆದು, ಎಮ್ಮೆಯ ಹೆಸರು ಹಿಡಿದು "ಹ್ಯಾಂಗ ಐತ್ರೀ ಬಾಯಾರ? ಗಬ್ಬ ಐತೇನ?" ಅಂತ ಕೇಳಿದ. ನಾನು ಖುಷಿಯಿಂದ "ಐತ್ರಿ, ಎಂಟು ತಿಂಗಳು," ಅಂದೆ. ಎಂಥ ಶಾಣ್ಯಾಕಿ ನೋಡಿ.

ಫ್ಲಾಪಿಯ ವಿಷಯದಲ್ಲಿ ಮಾತ್ರ ನಾನು ಇಂಜಿನಿಯರನ ಮಾತು ಮೀರಲಿಲ್ಲ. ತಿಂಗಳ ಕೊನೆಯ ಫ್ಲಾಪಿಗಳನ್ನಂತೂ ಮತ್ತೆ ಬಳಸದೆ ಎರಡೂ ಕಡೆ ಹಾಗೇ ಎತ್ತಿಡುತ್ತಿದ್ದೆ. ಹೊರಗಿಡುವ ಫ್ಲಾಪಿಯನ್ನು ಮನೆಗೆ ಒಯ್ದು ಅವ್ವನ ಕೈಗೆ ಕೊಡುತ್ತಿದ್ದೆ. ಅವ್ವ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಶಾವಿಗೆಯ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಮಾಡದಲ್ಲಿಡುತ್ತಿದ್ದಳು. "ಇಷ್ಟ ತೆಳ್ಳಗಿನದರಾಗ ಇಷ್ಟ ಮಂದಿ ಕಬ್ಬು ಹಿಡಿಸತೈತೇನ?" ಅಂತ ದಿನಾ ಒಂದೇ ಪ್ರಶ್ನೆ. ತಾರೀಖು ಬರೆಯುವುದನ್ನೂ ನಾನು ಒಂದು ದಿನ ತಪ್ಪಿಸಲಿಲ್ಲ. ಭಕ್ತಿಯಿಂದಲ್ಲ, ಹಟದಿಂದ. ಪುಣೆಯವನು ಮುಂದಿನ ಸಲ ಬಂದು ತಪ್ಪು ಹುಡುಕಬಾರದು ಅಂತ. ಉಳಿದವರು ಮಶೀನು ತಾರೀಖು ಕೇಳಿದರೆ ಸುಮ್ಮನೆ ಎಂಟರ್ ಒತ್ತಿ ಮುಂದೆ ಹೋಗುತ್ತಿದ್ದರು. ಕಾಕಾ ಅಂತೂ "ಇಷ್ಟ ದೊಡ್ಡ ಮಶೀನಿಗೆ ಇವತ್ತ ಯಾವ ದಿನ ಅನ್ನೂದು ಗೊತ್ತಿಲ್ಲಂದ್ರ ಹ್ಯಾಂಗ? ಕ್ಯಾಲೆಂಡರ್ ಮ್ಯಾಲ ಐತಲ್ಲಾ!" ಅಂತ ನಗುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ದವಡೆ ಹಲ್ಲು ಕಾಡಿತು. ಒಂದು ದಿನ ರಜೆ ಹಾಕಿ ಚಿಕ್ಕೋಡಿಗೆ ಹೋಗಿ ಕೀಳಿಸಿಕೊಂಡು ಬಂದೆ. ಸಂಜೆ ಬಾಯಿಗೆ ಅರಿವೆ ಒತ್ತಿಕೊಂಡು ಮನೆಗೆ ಬಂದರೆ ಅವ್ವ ತಟ್ಟೆ ತುಂಬ ಗಿಣ್ಣು ಇಟ್ಟುಕೊಂಡು ಕೂತಿದ್ದಳು. ಎಮ್ಮೆ ಈದಿತ್ತು. ಗಿಣ್ಣದ ಹಾಲನ್ನು ಮಾಮಾ ತಾನೇ ತಂದು, ನಾನು ಇರಲಿಲ್ಲವಾದ್ದರಿಂದ ಆಫೀಸಿನಲ್ಲಿ ಅರ್ಧ ಕೊಟ್ಟು, ಮನೆಯಲ್ಲಿ ಅರ್ಧ ಕೊಟ್ಟು ಹೋಗಿದ್ದ. ಹಲ್ಲಿನ ನೋವಿಗೆ ನನಗೆ ಒಂದು ತುಂಡೂ ತಿನ್ನಲಾಗಲಿಲ್ಲ. ಮರುದಿನ ಆಫೀಸಿನಲ್ಲಿ ಎಲ್ಲರೂ ಎಮ್ಮೆಯನ್ನು ಹೆಸರು ಹಿಡಿದು ಹೊಗಳಿದರು.

ಇದಾಗಿ ಒಂದು ತಿಂಗಳಿಗೆ, ಕಬ್ಬು ಕಡಿಯುವ ಸೀಸನ್ ಹತ್ತಿರ ಬಂದಾಗ, ಪಾಳಿಪಟ್ಟಿಯನ್ನು ಅಚ್ಚು ಮಾಡಿ ಆಫೀಸಿನ ಗೋಡೆಗೆ ಅಂಟಿಸಿದೆವು. ಮಧ್ಯಾಹ್ನದ ಹೊತ್ತಿಗೆ ಪಾಲಬಾವಿಯ ಒಬ್ಬ ರೈತ ಪಟ್ಟಿಯ ಮುಂದೆ ನಿಂತು ಕೂಗಾಡತೊಡಗಿದ. ಮಾಮಾನ ಹೊಲಕ್ಕೆ ಹತ್ತಿಕೊಂಡೇ ಅವನ ಹೊಲ. "ಇವರ ಕಬ್ಬು ನನಕಿಂತ ಮೊದಲ ಹ್ಯಾಂಗ ಬಂತ್ರೀ? ನಾ ಹಚ್ಚಿ ಒಂದೂವರಿ ತಿಂಗಳಾದ ಮ್ಯಾಲ ಇವರು ಹಚ್ಚ್ಯಾರ. ಹಚ್ಚಾಕ ಬೀಜಾ ನಾನ ಕೊಟ್ಟೀನಿ! ನನ್ನ ಕಬ್ಬಿನ ಮಗಾ ನನಕಿಂತ ದೊಡ್ಡಾವ ಆಗತಾನೇನ್ರಿ?"

ಸಾಹೇಬರು ಮಶೀನಿನಿಂದ ಕಾಗದ ತೆಗೆಸಿದರು. ಮಾಮಾನ ಹೊಲದ ತಾರೀಖು ಎರಡು ತಿಂಗಳು ಹಿಂದಕ್ಕೆ ಹೋಗಿತ್ತು. ಬದಲಿಸಿದವರು ಯಾರು ಅನ್ನುವ ಜಾಗದಲ್ಲಿ ನನ್ನ ಹೆಸರಿತ್ತು. ಸಾಹೇಬರು ಕಾಗದ ನೋಡಿದರು, ನನ್ನನ್ನು ನೋಡಿದರು. "ಬಾಯಾರ, ಇವರು ನಿಮ್ಮ ಮಾಮಾ ಅಲ್ಲೇನ್ರಿ?"

ಹೌದು ಅಂದೆ. ನಾನು ಮಾಡಿಲ್ಲ ಅಂದೆ. ಕೋಣೆಯೊಳಗಿದ್ದ ಏಳೆಂಟು ಮಂದಿ ಒಬ್ಬರಾದ ಮೇಲೊಬ್ಬರು ಏನೋ ನೆನಪಾದವರಂತೆ ಹೊರಗೆ ಹೋದರು. ಮೂರು ದಿನ ಬಿಟ್ಟು ಚೇರಮನ್‌ರು ವಿಚಾರಣೆ ಮಾಡುತ್ತಾರೆ, ಅಲ್ಲಿಯವರೆಗೆ ನಾನು ಕಂಪ್ಯೂಟರ್ ಕೋಣೆಗೆ ಕಾಲಿಡಬಾರದು ಅಂತ ಆಯಿತು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೋದರೆ ಬರೀ ನೌಕರಿ ಹೋಗುತ್ತಿರಲಿಲ್ಲ. ಮಾಮಾನ ಕಬ್ಬಿಗೆ ತಾರೀಖು ತಿದ್ದಿದವಳು ಅಂತ ಅಥಣಿಯಿಂದ ನಿಪ್ಪಾಣಿಯವರೆಗೆ ಯಾವ ಕಾರ್ಖಾನೆಯವರೂ ನನ್ನನ್ನು ಬಾಗಿಲೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅವ್ವ ಕಾಲನಿಯ ನಳದ ಹತ್ತಿರ ನೀರಿಗೆ ನಿಲ್ಲುವುದು ಹೇಗೆ? ಅಳು ಬರಲಿಲ್ಲ ನನಗೆ, ಸಿಟ್ಟು ಬಂತು.

ಅದೇ ಸಿಟ್ಟಿನಲ್ಲಿ ಮರುದಿನ ಬೆಳಗಿನ ಬಸ್ಸು ಹಿಡಿದು ಪಾಲಬಾವಿಗೆ ಹೋದೆ. ಮಾಮಾ ಕೊಟ್ಟಿಗೆಯಲ್ಲಿ ಕರುವಿನ ಮೈ ಒರೆಸುತ್ತಿದ್ದ. "ನೀ ಯಾರಿಗೆ ಹೇಳಿದ್ದಿ ನಿನ್ನ ಕಬ್ಬು ಮುಂದ ಹಾಕು ಅಂತ?" ಅಂತ ಬಾಗಿಲಲ್ಲೇ ನಿಂತು ಕೂಗಿದೆ.

ಮಾಮಾ ಹೌಹಾರಿ ಎದ್ದು ನಿಂತ. "ನಾ ಯಾರಿಗೂ ಹೇಳಿಲ್ಲವ್ವಾ! ಎಮ್ಮಿ ಆಣಿ! ಗಿಣ್ಣದ ಹಾಲು ಕೊಡಾಕಂತ ಬಂದಿದ್ದೆ. ನೀ ಇದ್ದಿದ್ದಿಲ್ಲ. ಆ ಟೊಪಗಿ ಹಿರಿಯಾ, ಭಾಳ ಚಲೋ ಮನಷ್ಯಾ, ಕುಂದರ್ರಿ ಬೀಗ್ರ ಅಂತ ಚಾ ಕುಡಿಸಿದಾ. ಕಬ್ಬು ಯಾವಾಗ ಹಚ್ಚೀರಿ ಅಂದಾ. ಹೇಳಿದೆ. ಈ ಸಲ ಪಾಳಿ ತಡಾ ಬರತೈತೇನೋ ಅಂದೆ, ಸುಮ್ಮ ಮಾತಿಗೆ. ಇರ್ಲಿ ಬಿಡ್ರಿ, ನಿಮ್ಮ ಹುಡುಗಿ ಅಂದ್ರ ನಮ್ಮ ಹುಡುಗಿ, ನಾ ಅದೀನಿ ಅಂದಾ. ಇಷ್ಟ ಆಗಿದ್ದು."

ನನಗೆ ಎಲ್ಲ ತಿಳಿಯಿತು. ಕಾಕಾ ಮೂವತ್ತು ವರ್ಷದಲ್ಲಿ ಯಾರಿಗಾಗಿಯೂ ಒಂದು ತಾರೀಖು ತಿದ್ದಿದವರಲ್ಲ. ಗಿಣ್ಣು ತಂದ ಬೀಗರನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುವ ಹುಕಿಯಲ್ಲಿ, ನನ್ನ ಮೇಲಿನ ಮಾಯೆ ಮಮತೆಯಲ್ಲಿ, ನನ್ನ ಎಮ್ಮೆಯ ಹೆಸರು ಹಾಕಿ ನನ್ನ ಕುತ್ತಿಗೆಗೇ ಹಗ್ಗ ಕಟ್ಟಿದ್ದರು. ಮಾಮಾನಿಗೆ ನಾನು ಇದನ್ನೇನೂ ಹೇಳಲಿಲ್ಲ. ಎಮ್ಮೆಯ ಬೆನ್ನ ಮೇಲೆ ಒಂದು ಏಟು ಹಾಕಿ, ಮಧ್ಯಾಹ್ನದೊಳಗೆ ಆಫೀಸಿಗೆ ಮುಟ್ಟುವ ಬಸ್ಸು ಹಿಡಿದೆ. ಪಾಪ, ಅದರದೇನು ತಪ್ಪು.

ಆ ಮೂರು ದಿನವೂ ಕಾಕಾ ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ನನ್ನ ಮೇಜಿಗೆ ಬಂದರು. ಅರ್ಧ ರೊಟ್ಟಿ ಮುರಿದು ನನ್ನ ಮುಂದಿಟ್ಟರು. "ಊಟಾ ಮಾಡವಾ, ಎಲ್ಲಾ ಸರಿ ಹೋಗತೈತಿ," ಅಂದರು. ನನ್ನ ಮುಖ ನೋಡಲಿಲ್ಲ. ಈಗ ಹೇಳಬಹುದು, ಈಗ ಹೇಳಬಹುದು ಅಂತ ನಾನು ಕಾದೆ. ನಾನೇ ಕೇಳಬಹುದಿತ್ತು, ಕೇಳಲಿಲ್ಲ. ಅವರ ನಿವೃತ್ತಿಗೆ ನಾಲ್ಕೇ ತಿಂಗಳು ಉಳಿದಿತ್ತು ಅನ್ನುವುದು ನನಗೆ ಗೊತ್ತಿತ್ತು. ಮೂರನೆಯ ದಿನ ರೊಟ್ಟಿಯನ್ನು ಅವರ ಕಡೆಗೇ ಸರಿಸಿದೆ. ಅವರು ಅದನ್ನು ಮತ್ತೆ ಡಬ್ಬಿಯಲ್ಲಿಟ್ಟು ಎದ್ದುಹೋದರು.

ವಿಚಾರಣೆಯ ದಿನ ಶೇತಕಿ ಆಫೀಸಿನವರನ್ನೆಲ್ಲ ಚೇರಮನ್‌ರ ಕೋಣೆಯಲ್ಲಿ ಗೋಡೆಗುಂಟ ನಿಲ್ಲಿಸಿದ್ದರು. ಚೇರಮನ್‌ರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಮಶೀನ್ ಸುಳ್ಳ ಹೇಳತೈತೇನವಾ?" ಅಂದರು.

"ಮಶೀನ್ ಸುಳ್ಳ ಹೇಳೂದಿಲ್ರಿ. ಕಾಗದಾ ಒಂದ ಸಲ ನನ್ನ ಕೈಯಾಗ ಕೊಡ್ರಿ," ಅಂದೆ. ಅಷ್ಟು ದಿನ ಆ ಕಾಗದವನ್ನು ಎಲ್ಲರೂ ನೋಡಿದ್ದರು, ನನಗೆ ಮಾತ್ರ ಓದಲು ಕೊಟ್ಟಿರಲಿಲ್ಲ. ನನ್ನ ಹೆಸರಿನ ಮುಂದೆ ಬದಲಾವಣೆ ಆದ ದಿನವನ್ನೂ ಮಶೀನು ಬರೆದಿತ್ತು. ೧೯೮೦, ಜನವರಿ ಒಂದು. ನಾನು ಅದನ್ನು ಗಟ್ಟಿಯಾಗಿ ಓದಿದೆ. "ಸಾಹೇಬ್ರ, ಆವತ್ತ ನಾ ಪಾಲಬಾವಿ ಕನ್ನಡ ಸಾಲ್ಯಾಗ ಐದನೇತ್ತಾ ಇದ್ದೆ. ಈ ಕಾರ್ಖಾನಿ ಕಂಡಿದ್ದಿಲ್ಲ, ಕಂಪ್ಯೂಟರ್ ಅಂದ್ರ ತಿನ್ನೂದೋ ಉಡೂದೋ ಗೊತ್ತಿದ್ದಿಲ್ಲ."

ಯಾರೋ ಕಿಸಕ್ಕೆಂದರು. ಚೇರಮನ್‌ರ ಮೀಸೆ ಕೂಡ ಅಲುಗಿತು. ನಾನು ವಿವರಿಸಿದೆ. ಕರೆಂಟು ಹೋಗಿ ಬಂದಾಗ ತಾರೀಖು ಬರೆಯದೆ ಸುಮ್ಮನೆ ಎಂಟರ್ ಒತ್ತಿದರೆ ಈ ಮಶೀನು ತಾನು ಇನ್ನೂ ಎಂಬತ್ತನೇ ಇಸ್ವಿಯಲ್ಲೇ ಇದ್ದೇನೆ ಅಂದುಕೊಳ್ಳುತ್ತದೆ. ನಾನು ಬರೆದ ಸಾವಿರಾರು ಸಾಲುಗಳನ್ನು ತೆಗೆಸಿ ನೋಡಿರಿ, ಒಂದರಲ್ಲೂ ಎಂಬತ್ತು ಇಲ್ಲ. ಮಾಮಾನ ಕಬ್ಬನ್ನು ನಾನು ಮೊದಲು ಯಾವ ತಾರೀಖಿಗೆ ಬರೆದಿದ್ದೆ ಅನ್ನುವುದಕ್ಕೆ ಹಳೇ ತಿಂಗಳ ಫ್ಲಾಪಿ ಹಚ್ಚಿ ನೋಡಿರಿ ಅಂದೆ. ಆಫೀಸಿನಲ್ಲಿ ಎತ್ತಿಟ್ಟಿದ್ದ ಫ್ಲಾಪಿ ತರಿಸಿದರು. ದಸರೆಯ ಖಂಡೇ ಪೂಜೆಯ ದಿನ ಮಶೀನಿನ ಜೊತೆ ಅದಕ್ಕೂ ಕುಂಕುಮ ಹಚ್ಚಿ, ಕಾಯಿ ಒಡೆದು ನೀರು ಬಿಟ್ಟಿದ್ದರು. ಕಂಪ್ಯೂಟರ್ ಕೋಣೆಗೆ ಒಯ್ದು ಹಚ್ಚಿದರೆ ಮಶೀನು ಅದನ್ನು ಒಳಗೆ ತೆಗೆದುಕೊಂಡು ಗರಗರ ಅಂದು ಸುಮ್ಮನಾಯಿತು. ಕಾಲನಿಗೆ ಸೈಕಲ್ ಕಳಿಸಿ ಅವ್ವನಿಂದ ಶಾವಿಗೆಯ ಡಬ್ಬಿಯನ್ನೇ ತರಿಸಬೇಕಾಯಿತು. ಡಬ್ಬಿಯಿಂದ ಬಂದ ಫ್ಲಾಪಿಯನ್ನು ಮಶೀನು ಓದಿತು. ನಾನು ಬರೆದಿದ್ದ ತಾರೀಖು ಸರಿಯಾಗಿಯೇ ಇತ್ತು.

"ನೀನ ಬೇಕಂತನ ತಾರೀಖು ಬರೀದ ಬಿಟ್ಟಿರಬೇಕು," ಅಂದರು ಚೇರಮನ್‌ರು, ಅಷ್ಟು ಸುಲಭಕ್ಕೆ ಬಿಡುವವರಲ್ಲ.

ನನ್ನ ಸಿಟ್ಟು ನೆತ್ತಿಗೇರಿತು. "ಕಳವು ಮಾಡಾಕಿ ತನ್ನ ಹೆಸರು ದೊಡ್ಡದಾಗಿ ಬರದಿಟ್ಟು ತಾರೀಖು ಅಷ್ಟ ಮುಚ್ಚತಾಳೇನ್ರಿ?"

ಚೇರಮನ್‌ರು ಕಾಗದವನ್ನು ಮೇಜಿನ ಮೇಲಿಟ್ಟು ಗೋಡೆಗುಂಟ ನಿಂತವರ ಕಡೆ ತಿರುಗಿದರು. ಆಮೇಲೆ, "ಪಾಸ್‌ವರ್ಡ್ ಮತ್ತ ಯಾರ್ ಯಾರಿಗೆ ಗೊತ್ತಿತ್ತು? ಕೈ ಎತ್ತರಿ," ಅಂದರು.

ಒಂದು ಕೈಯೂ ಏಳಲಿಲ್ಲ. ನಾನು ಗೋಡೆಗುಂಟ ಒಂದೊಂದೇ ಮುಖ ನೋಡುತ್ತ ಹೋದೆ. ಸಾಹೇಬರು ಕಿಟಕಿ ನೋಡುತ್ತಿದ್ದರು. ಫೀಲ್ಡ್‌ಮನ್‌ಗಳು ಚಪ್ಪಲಿ ನೋಡುತ್ತಿದ್ದರು. "ನನ್ನ ಮ್ಯಾಲ ನಂಬಿಕಿ ಇಲ್ಲೇನು" ಅಂತ ಕೇಳಿ ಕೇಳಿ ಎಮ್ಮೆಯ ಹೆಸರು ತೆಗೆದುಕೊಂಡವರೆಲ್ಲ ಅಲ್ಲಿದ್ದರು. ಎಮ್ಮೆ ಎಷ್ಟು ಹಾಲು ಕೊಡುತ್ತದೆ ಅಂತ ಕೂಡ ಗೊತ್ತಿದ್ದವರಿಗೆ ಅದರ ಹೆಸರು ಮರೆತುಹೋಗಿತ್ತು. ಹಲ್ಲು ಕಿತ್ತಾಗ ಆಗದ ನೋವು ನನಗೆ ಆ ಒಂದು ನಿಮಿಷದಲ್ಲಿ ಆಯಿತು. ಬಾಯಿ ತೆರೆದರೆ ಕಾಕಾನ ಹೆಸರು ಹೊರಬೀಳುತ್ತಿತ್ತು. ತುಟಿ ಕಚ್ಚಿಕೊಂಡು ನಿಂತೆ.

ಆಗ ಕೊನೆಯಲ್ಲಿ ನಿಂತಿದ್ದ ಕಾಕಾ ಟೊಪ್ಪಿಗೆ ತೆಗೆದು ಎಡಗೈಯಲ್ಲಿ ಹಿಡಿದು, ಬಲಗೈ ಎತ್ತಿದರು.

"ನನಗ ಗೊತ್ತಿತ್ರಿ. ತಿದ್ದಿದಾವನೂ ನಾನ. ಅವರ ಮಾಮಾ ಏನೂ ಕೇಳಿಲ್ರಿ, ಈ ಹುಡುಗಿಗೂ ಗೊತ್ತಿಲ್ಲ. ಚಲೋ ಮಾಡಾಕತ್ತೀನಿ ಅನಕೊಂಡೆ." ಆಮೇಲೆ ಯಾರಿಗೆ ಅಂತಲ್ಲದೆ ಹೇಳಿದರು: "ಬುಕ್ಕಿನ್ಯಾಗ ಆಗಿದ್ರ ಕೆಂಪು ಪೆನ್ ಹಿಡಿಯೂ ಮುಂದ ನನ್ನ ಕೈ ನಡಗತಿತ್ರಿ. ಸಹಿ ಮಾಡಬೇಕಾಗತಿತ್ತು. ಮಶೀನಿನ್ಯಾಗ ಬೆರಳ ಇಟ್ಟ ಕೂಡ್ಲೆ ಆಗಿಬಿಡ್ತು. ನನ್ನ ಹೆಸರು ಎಲ್ಲೂ ಬರಲಿಲ್ಲ."

ಆಮೇಲೆ ಸಾಹೇಬರ ಕೈ ಎದ್ದಿತು. ಆಮೇಲೆ ಒಂದೊಂದೇ ಉಳಿದವರದು. ಕೊನೆಗೆ ಗೇಟಿನಿಂದ ಚಹಾ ತಂದಿದ್ದವನೂ ಕೇಟ್ಲಿ ಕೆಳಗಿಟ್ಟು ಕೈ ಎತ್ತಿದ. ಚೇರಮನ್‌ರು ಎಣಿಸುವುದನ್ನು ಬಿಟ್ಟು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಊರ ಮಂದಿಗೆಲ್ಲ ಗೊತ್ತೈತಿ, ನನಗೊಬ್ಬಾವಗ ಗೊತ್ತಿಲ್ಲೇನು?" ಅಂದರು.

ನನ್ನ ನೌಕರಿ ಉಳಿಯಿತು. ಪಾಳಿಪಟ್ಟಿ ಮತ್ತೆ ಅಚ್ಚಾಯಿತು, ಮಾಮಾನ ಕಬ್ಬು ತನ್ನ ಜಾಗಕ್ಕೆ ಹೋಯಿತು. ಪಾಲಬಾವಿಯಲ್ಲಿ ಎಲ್ಲರೂ ಅವನನ್ನು ಗಿಣ್ಣದ ಬಗ್ಗೆ ವಿಚಾರಿಸಿ ವಿಚಾರಿಸಿ ಕಾಡಿದ್ದಕ್ಕೆ, ಮುಂದಿನ ಸಲ ಎಮ್ಮೆ ಈದಾಗ ಅವನು ಯಾರಿಗೂ ಒಂದು ತೊಟ್ಟು ಕೊಡಲಿಲ್ಲ. ಕಾಕಾನಿಗೆ ಲಿಖಿತ ಎಚ್ಚರಿಕೆ ಕೊಟ್ಟು, ನಿವೃತ್ತಿಯವರೆಗೆ ಹಳೇ ರಜಿಸ್ಟರುಗಳ ಕೋಣೆಗೆ ಹಾಕಿದರು. ಅಲ್ಲಿದ್ದವೆಲ್ಲ ಅವರೇ ಬರೆದ ರಜಿಸ್ಟರುಗಳು.

ಪುಣೆಯ ಇಂಜಿನಿಯರನನ್ನು ಕರೆಸಿದೆವು. ಅವನು ಪ್ರತಿಯೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಮಾಡಿಕೊಟ್ಟ. ಫ್ಲಾಪಿಗೆ ನೀರು ಬಿಡಬಾರದು ಅಂತ ಎಲ್ಲರ ಎದುರು ಹೇಳುವಾಗ ಮೊದಲ ಸಲ ನಕ್ಕ. ನನ್ನ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ ತಿಜೋರಿಯಲ್ಲಿಡಬೇಕು, ನನಗೆ ಜ್ವರ ಬಂದರೆ ಮಾತ್ರ ಇಬ್ಬರ ಎದುರು ಒಡೆಯಬೇಕು ಅಂತ ಆಯಿತು. ಸಾಹೇಬರು ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ತಿಜೋರಿಯಲ್ಲಿಟ್ಟರು. ಆಮೇಲೆ ತಿಜೋರಿಯ ಕೀಲಿಕೈಯನ್ನು ಗೋಡೆಯ ಮೊಳೆಗೆ ತೂಗುಹಾಕಿ, ನನ್ನ ಕಣ್ಣು ನೋಡಿ, ನಾಚಿಕೊಂಡು, ತೆಗೆದು ಕಿಸೆಯಲ್ಲಿ ಹಾಕಿಕೊಂಡರು. ಕಂಪ್ಯೂಟರ್ ಕೋಣೆಯ ಬಾಗಿಲಿಗೆ "ಪರವಾನಗಿ ಇಲ್ಲದೆ ಒಳಗೆ ಬರಬಾರದು" ಅಂತ ನಾನು ಪಾಟಿ ಬರೆಸಿದೆ. ಬೇಸಿಗೆ ಬರುತ್ತಲೇ ಜನ ಅದನ್ನು ಓದುತ್ತ ಓದುತ್ತ ಒಳಗೆ ಬರತೊಡಗಿದರು, ತಣ್ಣನೆ ಗಾಳಿ ಅಲ್ಲೇ ಇತ್ತಲ್ಲ.

ಕಾಕಾನ ಜೊತೆ ನಾನು ನಾಲ್ಕು ತಿಂಗಳು ಮಾತಾಡಲಿಲ್ಲ. ತಾರೀಖು ತಿದ್ದಿದ್ದಕ್ಕಲ್ಲ, ಅದನ್ನು ಆವತ್ತೇ ಕ್ಷಮಿಸಿದ್ದೆ. ಆ ಮೂರು ದಿನ ರೊಟ್ಟಿ ಮುರಿದು ಕೊಟ್ಟರಲ್ಲ, ಅದಕ್ಕೆ. ದಾರಿಯಲ್ಲಿ ಎದುರಾದರೆ ನಾನು ಪಕ್ಕಕ್ಕೆ ಸರಿದು ಹೋಗುತ್ತಿದ್ದೆ. ಮಧ್ಯಾಹ್ನ ಒಬ್ಬಳೇ ಊಟಕ್ಕೆ ಕೂತಾಗ ಪುಂಡಿಪಲ್ಯದ ವಾಸನೆ ಎಲ್ಲಿಂದಲೋ ಬಂದರೆ ಡಬ್ಬಿ ಮುಚ್ಚಿಬಿಡುತ್ತಿದ್ದೆ. ಸಿಟ್ಟು ನನ್ನದೇ, ಹಸಿವೂ ನನ್ನದೇ.

ಅವರು ನಿವೃತ್ತರಾದ ದಿನ ಶಾಲು ಹೊದಿಸಿ ಕಾಯಿ ಕೊಟ್ಟರು. ನಾನು ಕೆಲಸದ ನೆವ ಹೇಳಿ ಕಾರ್ಯಕ್ರಮಕ್ಕೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಕಾಕಾ ನಿಂತಿದ್ದರು. ಹೆಗಲ ಮೇಲೆ ಶಾಲು, ಕೈಯಲ್ಲಿ ಕಾಯಿ. ಹೊಸ್ತಿಲ ಹೊರಗೇ ಚಪ್ಪಲಿ ಕಳಚಿದ್ದರು. ಪಾಟಿಯನ್ನು ಪೂರಾ ಓದಿ, "ಒಳಗ ಬರಲೇನವಾ?" ಅಂತ ಕೇಳಿದರು. ಆ ಕೋಣೆಗೆ ಬರುವ ಮುಂಚೆ ಹಾಗೆ ಕೇಳಿದವರು ಅದುವರೆಗೆ ಒಬ್ಬರೂ ಇರಲಿಲ್ಲ. ಅಪ್ಪನ ವಯಸ್ಸಿನವರು ನನ್ನ ಹೊಸ್ತಿಲಲ್ಲಿ ಬರಿಗಾಲಲ್ಲಿ ನಿಂತು ಪರವಾನಗಿ ಕೇಳುತ್ತಿದ್ದರು.

"ಬ್ಯಾಡ್ರಿ ಕಾಕಾ," ಅಂದೆ. ಅವರು ತಲೆ ಆಡಿಸಿದರು. ನಾನು ಮಶೀನು ಬಂದ್ ಮಾಡಿ, ಮೇಲೆ ಅರಿವೆ ಮುಚ್ಚಿ, ಕೋಣೆಗೆ ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. "ನಾನ ಹೊರಗ ಬಂದೀನಿ, ಕುಂದರ್ರಿ."

ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಅವರು ಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತ ಕೂತರು. ಕೊನೆಗೆ ಕೇಳಿದರು:

"ಎಮ್ಮಿ ಹ್ಯಾಂಗ ಐತಿ?"

ಆ ಹೆಸರು ಪಾಸ್‌ವರ್ಡ್ ಆಗಿದ್ದ ಕಾಲ ಮುಗಿದು ನಾಲ್ಕು ತಿಂಗಳಾಗಿತ್ತು. ಅವರು ಹೆಸರು ಹಿಡಿದೇ ಕೇಳಬಹುದಿತ್ತು, ಯಾರದೇನು ಹೋಗುತ್ತಿತ್ತು. ಕೇಳಲಿಲ್ಲ. "ಚಲೋ ಐತ್ರಿ ಕಾಕಾ," ಅಂದೆ ನಾನು, ಅಷ್ಟು ದಿನ ಬರದಿದ್ದ ಅಳು ಆವಾಗ ಬಂತು.